ಆಜ್ಞೆ ಯಾವುದು, ಸಲಹೆ ಯಾವುದು: ಮದುವೆ, ಒಂಟಿ ಬಾಳು ಮತ್ತು ಸಂಯಮದ ಬಗ್ಗೆ ಕ್ರೈಸ್ತ ಬೋಧನೆ

ಮಂಗಳೂರಿನ ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಯಿಂದ ಬಲ್ಮಠದ ಶಾಂತಿ ಕೆಥೆಡ್ರಲ್ ತನಕ ನಡೆದೇ ಹೋಗಬಹುದು. ಎರಡೂ ಕ್ರೈಸ್ತ ದೇವಾಲಯಗಳೇ, ಎರಡರಲ್ಲೂ ಓದುವುದು ಆದಿ ಕ್ರೈಸ್ತ ಬೋಧಕ ಪೌಲನು ಬರೆದ, ಬೈಬಲಿನಲ್ಲಿರುವ ಅವೇ ಪತ್ರಗಳು. ಆದರೆ ಮೊದಲನೆಯದು ಕಥೋಲಿಕರದು. ಅಲ್ಲಿನ ಪಾದ್ರಿಗಳು ಮದುವೆಯಾಗುವಂತಿಲ್ಲ. ಎರಡನೆಯದು ಪ್ರಾಟೆಸ್ಟೆಂಟರ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯದು; ಅಲ್ಲಿನ ಸಭಾಪಾಲಕರಿಗೆ ಹೆಂಡತಿ ಮಕ್ಕಳಿರುವುದು ಸಾಮಾನ್ಯ ಸಂಗತಿ. ಅಲ್ಲಿಂದ ಉತ್ತರಕ್ಕೆ ಬ್ರಹ್ಮಾವರಕ್ಕೆ ಹೋದರೆ ಆರ್ಥೊಡಾಕ್ಸ್ ಸಿರಿಯನ್ ಸಭೆಯಲ್ಲಿ ಮೂರನೆಯ ಪದ್ಧತಿ ಕಾಣುತ್ತದೆ: ಮದುವೆಯಾದವರು ಪಾದ್ರಿಗಳಾಗಬಹುದು, ಬಿಷಪರು ಮಾತ್ರ ಅವಿವಾಹಿತರೇ ಆಗಿರಬೇಕು.

ಒಂದೇ ಗ್ರಂಥದಿಂದ ಮೂರು ಪದ್ಧತಿ ಹೇಗೆ ಹುಟ್ಟಿತು? ಪರಿಚಯದ ಮನೆಯ ಹುಡುಗಿಯೊಬ್ಬಳು ಡಿಗ್ರಿ ಮುಗಿಸಿ ಕಾನ್ವೆಂಟ್ ಸೇರುತ್ತಾಳಂತೆ ಎಂಬ ಸುದ್ದಿ ಬಂದಾಗಲೋ, ನಲವತ್ತು ದಾಟಿದ ಸಹೋದ್ಯೋಗಿಯೊಬ್ಬರು ‘ನನಗೆ ಮದುವೆಯ ಕರೆ ಇಲ್ಲ’ ಎಂದು ಶಾಂತವಾಗಿ ಹೇಳಿದಾಗಲೋ ಈ ಪ್ರಶ್ನೆ ಥಟ್ಟನೆ ಹತ್ತಿರದ್ದಾಗುತ್ತದೆ. ಕ್ರೈಸ್ತ ಧರ್ಮಕ್ಕೆ ಮದುವೆ ಕೀಳೇ? ಮದುವೆ ಬೇಡವೆನ್ನುವ ಹಕ್ಕು ಮಗಳಿಗಿದೆಯೇ? ಸಂಯಮ ಎನ್ನುವುದು ಸನ್ಯಾಸಿಗಳಿಗೆ ಮಾತ್ರ ಮೀಸಲೇ? ಉತ್ತರ ಸಿಗಬೇಕಾದರೆ ಮೊದಲು ಪದಗಳ ಗಂಟು ಬಿಡಿಸಬೇಕು.

ಮೂರು ಪದಗಳು, ಮೂರು ಅರ್ಥ

ಪೌಲನು ಗಲಾತ್ಯದವರಿಗೆ ಬರೆದ ಪತ್ರದ 5ನೆಯ ಅಧ್ಯಾಯದಲ್ಲಿ ದೇವರಾತ್ಮನ ಫಲ ಎಂದು ಒಂಬತ್ತು ಗುಣಗಳನ್ನು ಎಣಿಸುತ್ತಾನೆ. ಪ್ರೀತಿಯಿಂದ ಆರಂಭವಾಗುವ ಆ ಪಟ್ಟಿಯ ಕೊನೆಯ ಪದ ಗ್ರೀಕಿನಲ್ಲಿ ‘ಎಂಕ್ರಾತೇಯ’. ಹಳೆಯ ಕನ್ನಡ ಬೈಬಲ್ ಅದನ್ನು ‘ಶಮೆದಮೆ’ ಎಂದು ಅನುವಾದಿಸಿದೆ. ಶಮ ಮತ್ತು ದಮ ವೇದಾಂತದ ಪರಿಭಾಷೆಯ ಪದಗಳು. ಮನಸ್ಸಿನ ಶಾಂತಿ ಒಂದು, ಇಂದ್ರಿಯಗಳ ಹಿಡಿತ ಇನ್ನೊಂದು. ಈ ನೆಲದ ಓದುಗನಿಗೆ ಕೂಡಲೇ ಅರ್ಥವಾಗುವ ಪದವನ್ನು ಅನುವಾದಕರು ಆರಿಸಿಕೊಂಡರು. ಗ್ರೀಕ್ ಮೂಲದಲ್ಲಿ ‘ಕ್ರಾತೋಸ್’ ಎಂದರೆ ಬಲ, ಅಧಿಕಾರ; ಎಂಕ್ರಾತೇಯ ಎಂದರೆ ತನ್ನ ಮೇಲೆ ತನಗಿರುವ ಅಧಿಕಾರ. ನಮ್ಮ ಆಡುಮಾತಿನ ‘ಹಿಡಿತ’ ಅದಕ್ಕೆ ಬಹಳ ಹತ್ತಿರ.

ಪೌಲನು ಇದೇ ಪದವನ್ನು ಕ್ರಿಯಾರೂಪದಲ್ಲಿ ಓಟಗಾರರಿಗೂ ಬಳಸುತ್ತಾನೆ. ಗ್ರೀಸಿನ ಕೊರಿಂಥ ಪಟ್ಟಣದ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯ ಕ್ರೀಡಾಕೂಟ ನಡೆಯುತ್ತಿತ್ತು. ಗೆದ್ದವನಿಗೆ ಸಿಗುತ್ತಿದ್ದುದು ಎಲೆಯ ಕಿರೀಟ. ಬಾಡಿಹೋಗುವ ಆ ಕಿರೀಟಕ್ಕಾಗಿ ಆಟಗಾರನು ಎಲ್ಲದರಲ್ಲೂ ಮಿತವಾಗಿರುತ್ತಾನಲ್ಲ ಎಂದು ಪೌಲನು ನೆನಪಿಸುತ್ತಾನೆ. ಓಟಗಾರ ಊಟವನ್ನು ದ್ವೇಷಿಸುವುದಿಲ್ಲ, ತನ್ನ ಕಾಲುಗಳನ್ನು ಹಗೆಯಂತೆ ಕಾಣುವುದೂ ಇಲ್ಲ. ಒಂದು ಗುರಿಗಾಗಿ ಅವನ್ನು ಹದಗೊಳಿಸುತ್ತಾನೆ. ಸಂಯಮದ ಬಗ್ಗೆ ಪೌಲನ ಮನಸ್ಸಿನಲ್ಲಿದ್ದ ಚಿತ್ರ ಇದು.

ಈ ಸಂಯಮದ ಜೊತೆ ಕಲಸಿಹೋಗುವ ಇನ್ನೆರಡು ಪದಗಳಿವೆ. ಒಂದು, ಶುದ್ಧತೆ ಅಥವಾ ಶೀಲ: ತಾನಿರುವ ಸ್ಥಿತಿಗೆ ತಕ್ಕಂತೆ ದೇಹವನ್ನೂ ಸಂಬಂಧಗಳನ್ನೂ ಪ್ರಾಮಾಣಿಕವಾಗಿ ನಡೆಸಿಕೊಳ್ಳುವುದು. ಇದು ಗಂಡಹೆಂಡಿರಿಗೂ ಅನ್ವಯಿಸುತ್ತದೆ. ಅವರ ಪಾಲಿಗೆ ಅದರ ಹೆಸರು ನಿಷ್ಠೆ. ಇನ್ನೊಂದು, ಮದುವೆಯಾಗದೆ ಉಳಿಯುವ ನಿರ್ಧಾರ. ಇದು ಕೆಲವರಿಗೆ ಮಾತ್ರ. ಇದನ್ನು ಕನ್ನಡದಲ್ಲಿ ಬ್ರಹ್ಮಚರ್ಯ ಎನ್ನುವುದು ವಾಡಿಕೆ, ಆದರೆ ಅಲ್ಲೊಂದು ಎಡವಟ್ಟಿದೆ. ಆಶ್ರಮಧರ್ಮದಲ್ಲಿ ಬ್ರಹ್ಮಚರ್ಯವು ಗೃಹಸ್ಥಾಶ್ರಮದ ಹಿಂದಿನ ಮೆಟ್ಟಿಲು, ವಿದ್ಯಾರ್ಥಿಯ ಅವಸ್ಥೆ. ಕ್ರೈಸ್ತ ಅವಿವಾಹಿತ ಜೀವನ ಮೆಟ್ಟಿಲಲ್ಲ, ಮದುವೆಯಷ್ಟೇ ಪೂರ್ಣವಾದ ಇನ್ನೊಂದು ದಾರಿ. ಹಾಗಾಗಿ ಈ ಲೇಖನದಲ್ಲಿ ಅದನ್ನು ಒಂಟಿ ಬಾಳು ಎಂದೇ ಕರೆಯುತ್ತೇನೆ.

ಕೊರಿಂಥದಿಂದ ಬಂದ ಪ್ರಶ್ನೆಗಳು

ಈ ವಿಷಯದ ಮೂಲಪಠ್ಯ ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೆಯ ಅಧ್ಯಾಯ. ಪೌಲನು ಇದನ್ನು ಕ್ರಿ.ಶ. 50ರ ದಶಕದ ನಡುವೆ ಎಫೆಸದಿಂದ ಬರೆದನು. ಕೊರಿಂಥವು ಎರಡು ಬಂದರುಗಳ ನಡುವಿನ ವ್ಯಾಪಾರದ ಊರು. ರೋಮನರು ಕ್ರಿ.ಪೂ. 146ರಲ್ಲಿ ಅದನ್ನು ನೆಲಸಮ ಮಾಡಿದ್ದರು, ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಮತ್ತೆ ಕಟ್ಟಿಸಿ, ಹೆಚ್ಚಾಗಿ ಬಿಡುಗಡೆಗೊಂಡ ಗುಲಾಮರನ್ನು ಅಲ್ಲಿ ನೆಲೆಗೊಳಿಸಿದನು.

ಅಧ್ಯಾಯದ ಮೊದಲ ಸಾಲಿನಲ್ಲೇ ಪೌಲನು ‘ನೀವು ಬರೆದು ಕಳಿಸಿದ ವಿಷಯಗಳ ಬಗ್ಗೆ’ ಎನ್ನುತ್ತಾನೆ. ಅಂದರೆ ನಾವು ಓದುತ್ತಿರುವುದು ಉತ್ತರಪತ್ರ, ಪ್ರಶ್ನೆಪತ್ರ ಕಳೆದುಹೋಗಿದೆ. ಪಕ್ಕದ ಮನೆಯವರು ಫೋನಿನಲ್ಲಿ ಮಾತಾಡುವಾಗ ಒಂದು ಕಡೆಯ ಮಾತು ಮಾತ್ರ ಕಿವಿಗೆ ಬಿದ್ದಂತೆ. ಅದೇ ಸಾಲಿನ ಮುಂದಿನ ಭಾಗ ‘ಪುರುಷನು ಸ್ತ್ರೀಯನ್ನು ಮುಟ್ಟದಿರುವುದು ಒಳ್ಳೆಯದು’ ಎಂಬರ್ಥದ ಮಾತು. ಇದು ಪೌಲನ ಸ್ವಂತ ಅಭಿಪ್ರಾಯವೇ, ಅಥವಾ ಕೊರಿಂಥದವರ ಪತ್ರದಿಂದ ಅವನು ಎತ್ತಿಕೊಂಡ ವಾಕ್ಯವೇ? ಪ್ರಾಚೀನ ಹಸ್ತಪ್ರತಿಗಳಲ್ಲಿ ಉದ್ಧರಣ ಚಿಹ್ನೆಗಳಿಲ್ಲ. ಇಂದಿನ ಅನೇಕ ವಿದ್ವಾಂಸರು ಇದನ್ನು ಕೊರಿಂಥದವರ ಘೋಷಣೆಯೆಂದೇ ಓದುತ್ತಾರೆ. ಆಗ ಇಡೀ ಅಧ್ಯಾಯದ ಧಾಟಿ ಬದಲಾಗುತ್ತದೆ: ಪೌಲನು ಮದುವೆಯನ್ನು ಜರೆಯುತ್ತಿಲ್ಲ, ಮದುವೆಯನ್ನು ಜರೆಯುತ್ತಿದ್ದ ಅತಿಭಕ್ತರನ್ನು ತಡೆಯುತ್ತಿದ್ದಾನೆ. ಒಂದೇ ಒಂದು ವಿರಾಮಚಿಹ್ನೆಯ ಮೇಲೆ ಇಷ್ಟು ಭಾರ ನಿಂತಿರುವುದು ಅಪರೂಪ.

ಮುಂದಿನ ಮಾತು ಆ ಕಾಲಕ್ಕೆ ಅನಿರೀಕ್ಷಿತವಾದುದು. ಹೆಂಡತಿಯ ದೇಹದ ಮೇಲೆ ಗಂಡನಿಗೆ ಅಧಿಕಾರ ಎನ್ನುವುದರಲ್ಲಿ ರೋಮನ್ ಜಗತ್ತಿಗೆ ಹೊಸದೇನೂ ಇರಲಿಲ್ಲ. ಪೌಲನು ಅದೇ ಉಸಿರಿನಲ್ಲಿ ಗಂಡನ ದೇಹದ ಮೇಲೆ ಹೆಂಡತಿಗೂ ಅಷ್ಟೇ ಅಧಿಕಾರವೆಂದು ಬರೆಯುತ್ತಾನೆ. ಪ್ರಾರ್ಥನೆಗೆಂದು ದೂರವಿರಬೇಕೆಂದರೆ ಇಬ್ಬರೂ ಒಪ್ಪಿರಬೇಕು, ಅದೂ ಸ್ವಲ್ಪಕಾಲಕ್ಕೆ ಮಾತ್ರ. ಒಬ್ಬರ ಭಕ್ತಿಯ ಹೆಸರಿನಲ್ಲಿ ಇನ್ನೊಬ್ಬರ ಮೇಲೆ ಉಪವಾಸ ಹೇರುವಂತಿಲ್ಲ. ಇದೇ ನ್ಯಾಯದಿಂದ, ಒಬ್ಬರ ಹಕ್ಕಿನ ಹೆಸರಿನಲ್ಲಿ ಇನ್ನೊಬ್ಬರನ್ನು ಬಲವಂತಪಡಿಸಲು ಈ ವಾಕ್ಯವನ್ನು ಬಳಸಿದರೆ ಅದರ ಅರ್ಧವನ್ನು ಕತ್ತರಿಸಿ ಓದಿದಂತೆ.

ಫಲಕವೂ ಚಹಾ ಅಂಗಡಿಯವನ ಮಾತೂ

ಈ ಅಧ್ಯಾಯವನ್ನು ಓದುವವರು ಹೆಚ್ಚಾಗಿ ತಪ್ಪಿಸಿಕೊಳ್ಳುವ ಒಂದು ಸೂಕ್ಷ್ಮವಿದೆ. ಪೌಲನು ತನ್ನ ಮಾತುಗಳಿಗೆ ತಾನೇ ಮುದ್ರೆ ಹಾಕುತ್ತಾ ಹೋಗುತ್ತಾನೆ. ಗಂಡಹೆಂಡಿರು ಅಗಲಬಾರದು ಎನ್ನುವಾಗ ‘ಇದು ನನ್ನದಲ್ಲ, ಕರ್ತನ (ಅಂದರೆ ಯೇಸುವಿನ) ಆಜ್ಞೆ’ ಎನ್ನುತ್ತಾನೆ. ನಂಬದ ಸಂಗಾತಿಯೊಡನೆ ಬಾಳುವ ಪ್ರಶ್ನೆ ಬಂದಾಗ ‘ಇದನ್ನು ಕರ್ತನಲ್ಲ, ನಾನು ಹೇಳುತ್ತೇನೆ’ ಎನ್ನುತ್ತಾನೆ. ಮದುವೆಯಾಗದವರ ಮಾತು ಬಂದಾಗ ‘ಕರ್ತನ ಆಜ್ಞೆ ನನ್ನಲ್ಲಿಲ್ಲ, ನನ್ನ ಅಭಿಪ್ರಾಯ ಹೇಳುತ್ತೇನೆ’ ಎನ್ನುತ್ತಾನೆ.

ಘಾಟಿ ರಸ್ತೆಯ ಬುಡದಲ್ಲಿ ‘ಭಾರಿ ವಾಹನಗಳಿಗೆ ಪ್ರವೇಶವಿಲ್ಲ’ ಎಂಬ ಫಲಕವಿದ್ದರೆ ಅದು ಕಾನೂನು. ಅದೇ ತಿರುವಿನ ಚಹಾ ಅಂಗಡಿಯವರು ‘ಮಳೆ ಜೋರಿದೆ, ಇವತ್ತು ಹೋಗುವುದು ಬೇಡ’ ಎಂದರೆ ಅದು ಅನುಭವಸ್ಥರ ಸಲಹೆ. ಮೀರಿ ಹೋದವನು ತೊಂದರೆಗೆ ಸಿಕ್ಕಬಹುದು, ಆದರೆ ತಪ್ಪಿತಸ್ಥನಲ್ಲ. ಮದುವೆಯಾಗದಿರುವುದು ಮೇಲು ಎಂಬ ಪೌಲನ ಮಾತು ಎರಡನೆಯ ಜಾತಿಯದು. ಅವನು ಕೊಡುವ ಕಾರಣವೂ ಹಾಗೆಯೇ ಇದೆ: ‘ಈಗಿನ ಸಂಕಟ’, ‘ಕಾಲ ಕಿರಿದಾಗಿದೆ’. ಮದುವೆಯಾದವನಿಗೆ ಹೆಂಡತಿಯನ್ನು ಮೆಚ್ಚಿಸುವ ಚಿಂತೆ ಇರುತ್ತದೆ, ಮನಸ್ಸು ಎರಡಾಗುತ್ತದೆ. ನಿಮ್ಮ ಮೇಲೆ ಉರುಲು ಹಾಕಲು ಇದನ್ನು ಹೇಳುತ್ತಿಲ್ಲ ಎಂದೂ ಸೇರಿಸುತ್ತಾನೆ. ಗ್ರೀಕಿನ ಆ ಪದ ಪ್ರಾಣಿಯನ್ನು ಹಿಡಿಯುವ ಕುಣಿಕೆಯದು.

ದಮೆ ಸಾಧ್ಯವಾಗದಿದ್ದರೆ ಮದುವೆಯಾಗಲಿ, ಬೇಯುವುದಕ್ಕಿಂತ ಅದು ಲೇಸು ಎಂಬ 9ನೆಯ ವಚನ ತುಂಬ ಪ್ರಸಿದ್ಧ. ಅದನ್ನೊಂದನ್ನೇ ಕಿತ್ತು ಓದಿದರೆ ಮದುವೆಯೆಂಬುದು ದುರ್ಬಲರಿಗಾಗಿ ತೆರೆದ ಆಸ್ಪತ್ರೆಯಂತೆ ಕಾಣುತ್ತದೆ. ಆದರೆ ಎರಡು ಸಾಲು ಹಿಂದೆ, ಎಲ್ಲರೂ ನನ್ನಂತಿರಲಿ ಎಂದು ಆಶಿಸಿದ ಮೇಲೆ ಪೌಲನೇ ತಡೆದು, ಒಬ್ಬೊಬ್ಬರಿಗೆ ದೇವರಿಂದ ಅವರವರ ‘ಖಾರಿಸ್ಮ’ ಸಿಕ್ಕಿದೆ, ಒಬ್ಬರಿಗೆ ಒಂದು ಬಗೆ, ಇನ್ನೊಬ್ಬರಿಗೆ ಇನ್ನೊಂದು ಬಗೆ ಎಂದಿದ್ದಾನೆ. ಖಾರಿಸ್ಮ ಎಂದರೆ ಕೃಪೆಯಿಂದ ದೊರೆತ ಕೊಡುಗೆ, ವರ. (ಕನ್ನಡದಲ್ಲಿ ವರ ಎಂದರೆ ಮದುಮಗನೂ ಹೌದು, ಈ ಸಂದರ್ಭಕ್ಕೆ ಇದಕ್ಕಿಂತ ಸೊಗಸಾದ ಶ್ಲೇಷೆ ಸಿಗಲಾರದು.) ಹೀಗಾಗಿ ಒಂಟಿ ಬಾಳೂ ಮದುವೆಯೂ ಎರಡೂ ವರಗಳೇ.

ಯೇಸುವಿನ ಮಾತೂ ಇದೇ ದಿಕ್ಕಿನದು. ಮತ್ತಾಯನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ವಿಚ್ಛೇದನದ ಬಗ್ಗೆ ಕಟ್ಟುನಿಟ್ಟಾದ ಉತ್ತರ ಕೇಳಿದ ಶಿಷ್ಯರು, ಹಾಗಿದ್ದರೆ ಮದುವೆಯಾಗದಿರುವುದೇ ವಾಸಿ ಎಂದು ಬೇಸತ್ತು ನುಡಿಯುತ್ತಾರೆ. ಯೇಸು ಹುಟ್ಟಿನಿಂದ ನಪುಂಸಕರಾದವರು, ಮನುಷ್ಯರಿಂದ ಹಾಗಾದವರು, ಪರಲೋಕ ರಾಜ್ಯಕ್ಕಾಗಿ ತಮ್ಮನ್ನು ಹಾಗೆ ಮಾಡಿಕೊಂಡವರು ಎಂದು ಮೂರು ಬಗೆ ಹೇಳಿ, ಸ್ವೀಕರಿಸಬಲ್ಲವನು ಸ್ವೀಕರಿಸಲಿ ಎಂದು ಮಾತು ಮುಗಿಸುತ್ತಾನೆ. ಸ್ವೀಕರಿಸಬಲ್ಲವನು ಎಂಬ ಪದದಲ್ಲೇ ಬಾಗಿಲು ತೆರೆದಿದೆ.

ಆಗ ಇದು ಯಾಕೆ ಹೊಸದಾಗಿತ್ತು

ಯೆಹೂದಿ ಪರಂಪರೆಯಲ್ಲಿ ಮದುವೆ ಬಹುಪಾಲು ಕರ್ತವ್ಯವೇ ಆಗಿತ್ತು. ಮನುಷ್ಯನು ಒಂಟಿಯಾಗಿರುವುದು ಒಳ್ಳೆಯದಲ್ಲ ಎನ್ನುವುದು ಬೈಬಲ್‌ನ ಮೊದಲ ಪುಸ್ತಕದ ಎರಡನೆಯ ಅಧ್ಯಾಯದಲ್ಲೇ ಇದೆ. ರೋಮಿನಲ್ಲಿ ಅದು ಸರ್ಕಾರದ ನೀತಿಯೂ ಆಗಿತ್ತು. ಅಗಸ್ಟಸ್ ಚಕ್ರವರ್ತಿಯು ಕ್ರಿ.ಪೂ. 18 ಮತ್ತು ಕ್ರಿ.ಶ. 9ರಲ್ಲಿ ತಂದ ಕಾನೂನುಗಳ ಪ್ರಕಾರ 25ರಿಂದ 60 ವರ್ಷದೊಳಗಿನ ಗಂಡಸರು, 20ರಿಂದ 50ರೊಳಗಿನ ಹೆಂಗಸರು ಮದುವೆಯಾಗದೆ ಉಳಿದರೆ ಹತ್ತಿರದ ಸಂಬಂಧಿಕರ ಹೊರತು ಬೇರೆಯವರು ಬರೆದಿಟ್ಟ ಆಸ್ತಿ ಅವರ ಕೈ ಸೇರುತ್ತಿರಲಿಲ್ಲ. ಕಾನ್‌ಸ್ಟಂಟೈನ್ ಈ ದಂಡನೆಯನ್ನು ರದ್ದುಪಡಿಸಿದ್ದು 320ರಲ್ಲಿ. ಇಂಥ ಜಗತ್ತಿನಲ್ಲಿ ವಿಧವೆಯೊಬ್ಬಳಿಗೆ, ಬೇಕಿದ್ದರೆ ನಿನಗೆ ಇಷ್ಟ ಬಂದವನನ್ನು ಮದುವೆಯಾಗು, ಅವನು ವಿಶ್ವಾಸಿಯಾಗಿದ್ದರಾಯಿತು, ಹಾಗೇ ಉಳಿದರೆ ಇನ್ನೂ ಸುಖ ಎಂದು ಹೇಳುವುದು (ಪೌಲನ ಅದೇ 7ನೆಯ ಅಧ್ಯಾಯದ 39 ಮತ್ತು 40ನೆಯ ವಚನ) ಸಣ್ಣ ಮಾತಾಗಿರಲಿಲ್ಲ.

ಎರಡು ತುದಿಗಳ ಜಗ್ಗಾಟ

ಸಲಹೆಯನ್ನು ಆಜ್ಞೆ ಮಾಡುವ ಯತ್ನ ಬಹಳ ಬೇಗ ಶುರುವಾಯಿತು. 2ನೆಯ ಶತಮಾನದಲ್ಲಿ ಎಂಕ್ರಾತೇಯ ಎಂಬ ಪದದಿಂದಲೇ ಹೆಸರು ಪಡೆದ ಎನ್‌ಕ್ರಟೈಟ್ ಪಂಥದವರು ಮದುವೆಯನ್ನೂ ಮಾಂಸ ಮದ್ಯಗಳನ್ನೂ ಒಟ್ಟಿಗೇ ತಿರಸ್ಕರಿಸಿದರು. ಸಭೆ ಅವರನ್ನು ಒಪ್ಪಲಿಲ್ಲ. ಮದುವೆಯನ್ನು ನಿಷೇಧಿಸುವವರನ್ನು ತಿಮೊಥೆಯನಿಗೆ ಬರೆದ ಮೊದಲ ಪತ್ರವೇ ಖಂಡಿಸಿತ್ತು. 4ನೆಯ ಶತಮಾನದಲ್ಲಿ ಈಗಿನ ಟರ್ಕಿಯಲ್ಲಿರುವ ಗಾಂಗ್ರಾದಲ್ಲಿ ಬಿಷಪರು ಸಭೆ ಸೇರಿ ಮಾಡಿದ ನಿಯಮಗಳು ಕುತೂಹಲಕರವಾಗಿವೆ: ಮದುವೆಯನ್ನು ಹೀನವೆಂದವನಿಗೆ ಬಹಿಷ್ಕಾರ, ಮದುವೆಯಾದ ಪಾದ್ರಿಯ ಕೈಯಿಂದ ಪ್ರಸಾದ ಪಡೆಯಲಾರೆ ಎಂದವನಿಗೆ ಬಹಿಷ್ಕಾರ, ಕರ್ತನಿಗಾಗಿ ಕನ್ಯಾವ್ರತ ಹಿಡಿದು, ಮದುವೆಯಾದವರ ಮುಂದೆ ಜಂಬಪಡುವವನಿಗೂ ಬಹಿಷ್ಕಾರ.

ಇನ್ನೊಂದು ತುದಿಯವನು ಜೊವಿನಿಯನ್. 390ರ ಆಸುಪಾಸಿನಲ್ಲಿ ರೋಮಿನಲ್ಲಿ ಅವನು ಮದುವೆ ಮತ್ತು ಕನ್ಯಾವ್ರತ ಎರಡಕ್ಕೂ ಸಮಾನ ಪುಣ್ಯವೆಂದು ಬೋಧಿಸಿ ಖಂಡನೆಗೆ ಒಳಗಾದನು. ಅವನಿಗೆ ಉತ್ತರ ಬರೆದ ಪಂಡಿತ ಸನ್ಯಾಸಿ ಜೆರೋಮನ ಭಾಷೆ ಎಷ್ಟು ಖಾರವಾಗಿತ್ತೆಂದರೆ ಅವನ ಗೆಳೆಯರೇ ಮುಜುಗರಪಟ್ಟರು. ಆಮೇಲೆ ಬಿಷಪ್ ಆಗಸ್ಟೀನನು ಹದವಾಗಿ ಬರೆದು, ಮದುವೆ ಒಳ್ಳೆಯದು, ಒಂಟಿ ವ್ರತ ಇನ್ನೂ ಒಳ್ಳೆಯದು ಎಂಬ ನಿಲುವನ್ನು ಪಶ್ಚಿಮದಲ್ಲಿ ನೆಲೆಗೊಳಿಸಿದನು.

ಪಾದ್ರಿಗಳ ವಿಷಯ ಇದರಿಂದ ಸ್ವಲ್ಪ ಬೇರೆ. ಯೇಸುವಿನ ಶಿಷ್ಯ ಪೇತ್ರನಿಗೆ ಹೆಂಡತಿಯಿದ್ದಳು, ಅವನ ಅತ್ತೆಗೆ ಜ್ವರ ಬಂದ ಕಥೆ ಸುವಾರ್ತೆಯಲ್ಲಿದೆ. ಪೂರ್ವದ ಸಭೆಗಳು 692ರ ಹೊತ್ತಿಗೆ, ದೀಕ್ಷೆಗೆ ಮೊದಲೇ ಮದುವೆಯಾದವರು ಪಾದ್ರಿಗಳಾಗಬಹುದು, ಬಿಷಪರು ಸಂಸಾರದಿಂದ ದೂರವಿರಬೇಕು ಎಂದು ತೀರ್ಮಾನಿಸಿದವು. ಬ್ರಹ್ಮಾವರದ ಪದ್ಧತಿ ಈ ಪೂರ್ವದ ಸಂಪ್ರದಾಯಕ್ಕೆ ಸೇರಿದ್ದು. ರೋಮಿನ ಸಭೆಯಲ್ಲಿ 1139ರ ಎರಡನೆಯ ಲ್ಯಾಟರನ್ ಮಹಾಸಭೆಯು ದೀಕ್ಷೆ ಪಡೆದವರ ಮದುವೆ ಸಿಂಧುವೇ ಅಲ್ಲ ಎಂದಿತು. ಗಮನಿಸಬೇಕಾದದ್ದೇನೆಂದರೆ, ಕಥೋಲಿಕ ಸಭೆಯೂ ಪಾದ್ರಿಗಳ ಈ ನಿಯಮವನ್ನು ಬದಲಾಯಿಸಲಾಗದ ಸತ್ಯವೆಂದು ಹೇಳುವುದಿಲ್ಲ, ಸಭೆಯ ಶಿಸ್ತು ಎನ್ನುತ್ತದೆ. ರೋಮಿಗೆ ನಿಷ್ಠವಾದ ಹಲವು ಪೂರ್ವದ ಸಭೆಗಳಲ್ಲಿ ಇಂದಿಗೂ ಸಂಸಾರವಂದಿಗ ಪಾದ್ರಿಗಳಿದ್ದಾರೆ.

ಸನ್ಯಾಸಿಯಾಗಿದ್ದ, ಪ್ರಾಟೆಸ್ಟೆಂಟ್ ಸುಧಾರಣೆಯ ಮುಂದಾಳು ಮಾರ್ಟಿನ್ ಲೂಥರ್ 1525ರ ಜೂನ್ 13ರಂದು, ಎರಡು ವರ್ಷ ಹಿಂದೆ ಮಠ ತೊರೆದು ಬಂದಿದ್ದ ಕಥರೀನಾ ಫಾನ್ ಬೋರಾಳನ್ನು ಮದುವೆಯಾದನು. ಒಂಟಿ ಬಾಳಿನ ವರ ಅಪರೂಪವಾಗಿ ಕೆಲವರಿಗೆ ಮಾತ್ರ ಸಿಗುವಂಥದ್ದು, ವ್ರತದ ಮೂಲಕ ಅದನ್ನು ಎಲ್ಲ ಪಾದ್ರಿಗಳಿಗೂ ಕಟ್ಟುವುದು ಪೌಲನು ಬೇಡವೆಂದ ಉರುಲೇ ಆಗುತ್ತದೆ ಎನ್ನುವುದು ಅವನ ವಾದದ ಸಾರ. ಸಿಎಸ್‌ಐ ಸಭಾಪಾಲಕರ ಮನೆಯ ಹಿನ್ನೆಲೆ ಇಲ್ಲಿದೆ. ಇದಕ್ಕೆ ಎದುರಾಗಿ 1563ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆಯು ಕನ್ಯಾವ್ರತವೇ ಮೇಲು ಎಂಬುದನ್ನು ಮತ್ತೆ ಖಚಿತಪಡಿಸಿತು.

ಬಾಸೆಲ್‌ನಿಂದ ಬಂದ ವಧುಗಳು

ಮದುವೆಗೆ ಅವಕಾಶವಿದ್ದ ಕಡೆ ಆಯ್ಕೆ ಮುಕ್ತವಾಗಿತ್ತೇ? 1834ರಲ್ಲಿ ಮಂಗಳೂರಿಗೆ ಕಾಲಿಟ್ಟ, ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಷನ್‌ನ ಕಥೆ ಈ ಪ್ರಶ್ನೆಗೆ ಒಳ್ಳೆಯ ಉದಾಹರಣೆ. ಪಾದ್ರಿಗಳಿಗೆ ಮದುವೆ ನಿಷಿದ್ಧವಲ್ಲದ ಸಂಸ್ಥೆ ಅದು. ಆದರೂ ಬಂದವರು ಅವಿವಾಹಿತರಾಗಿ ಬಂದು, ಮದುವೆಯಾಗಬೇಕೆಂದರೆ ಬಾಸೆಲ್‌ನಲ್ಲಿದ್ದ ಸಮಿತಿಯ ಅನುಮತಿ ಕೇಳಬೇಕಿತ್ತು. ಎಷ್ಟೋ ಸಲ ವಧುವನ್ನು ಹುಡುಕಿ ಹಡಗು ಹತ್ತಿಸುತ್ತಿದ್ದುದೂ ಅಲ್ಲಿಂದಲೇ. ವರನ ಮುಖ ನೋಡದೆ ಸಮುದ್ರ ದಾಟಿ ಬಂದ ಹೆಣ್ಣುಮಕ್ಕಳಿದ್ದಾರೆ. ನಿಘಂಟಿನ ಕಿಟ್ಟೆಲ್, ಮೊದಲ ಪತ್ನಿ ಪೌಲಿನ್ ತೀರಿಕೊಂಡ ಮೇಲೆ ಆಕೆಯ ಸಹೋದರಿ ಜೂಲಿಯನ್ನು ಮದುವೆಯಾದರು. ‘ಮಂಗಳೂರ ಸಮಾಚಾರ’ ನಡೆಸಿದ ಮೋಗ್ಲಿಂಗ್ ಕೈ ಹಿಡಿದದ್ದು ಗತಿಸಿದ ಗೆಳೆಯ ವೈಗ್ಲೆಯ ವಿಧವೆಯನ್ನು. ಮದುವೆಯ ಸ್ವಾತಂತ್ರ್ಯ ಬೋಧನೆಯಲ್ಲಿ ಎಷ್ಟೇ ಇದ್ದರೂ ಆಚರಣೆಯಲ್ಲಿ ಅದಕ್ಕೆ ಸಮಿತಿಯೋ ಕುಟುಂಬವೋ ಹಡಗಿನ ವೇಳಾಪಟ್ಟಿಯೋ ಬೇಲಿ ಹಾಕುತ್ತದೆ.

ಇಚ್ಛೆಯನ್ನು ತೂಗಿ ನೋಡುವ ಬಗೆ

ಹಾಗಾದರೆ ಒಬ್ಬರು ನಿಜವಾಗಿ ಸ್ವಇಚ್ಛೆಯಿಂದಲೇ ಆರಿಸಿಕೊಂಡರೆಂದು ತಿಳಿಯುವುದು ಹೇಗೆ? ಕಥೋಲಿಕ ಸಭೆಯಲ್ಲಿ ಇದಕ್ಕೆ ಲಿಖಿತ ಕ್ರಮವಿದೆ. 1983ರ ಧರ್ಮಸಂಹಿತೆಯ 219ನೆಯ ವಿಧಿಯು, ಜೀವನದ ಸ್ಥಿತಿಯನ್ನು ಆರಿಸಿಕೊಳ್ಳುವಾಗ ಯಾವ ಬಲವಂತಕ್ಕೂ ಒಳಗಾಗದಿರುವುದು ಪ್ರತಿ ವಿಶ್ವಾಸಿಯ ಹಕ್ಕು ಎನ್ನುತ್ತದೆ. 1057ನೆಯ ವಿಧಿಯ ಪ್ರಕಾರ ಮದುವೆಯನ್ನು ಮದುವೆ ಮಾಡುವುದು ವಧೂವರರ ಒಪ್ಪಿಗೆ; ಅವರ ಬದಲಿಗೆ ಅದನ್ನು ಬೇರೆ ಯಾವ ಮಾನವ ಅಧಿಕಾರವೂ ಕೊಡಲಾರದು. ಬಲವಂತದಿಂದಲೋ ತೀವ್ರ ಭಯದಿಂದಲೋ ನಡೆದದ್ದು ಅಸಿಂಧು ಎಂದು 1103ನೆಯ ವಿಧಿ ಹೇಳುತ್ತದೆ.

ಕಾಗದದ ಈ ಮಾತು ಊರಿನ ಇಗರ್ಜಿಯಲ್ಲಿ ಹೀಗೆ ಕಾಣುತ್ತದೆ. ಮದುವೆಗೆ ಮುಂಚೆ ಪಾದ್ರಿಗಳು ವಧುವನ್ನೂ ವರನನ್ನೂ ಬೇರೆಬೇರೆಯಾಗಿ ಕೂರಿಸಿ ವಿಚಾರಿಸುತ್ತಾರೆ. ಮುದ್ರಿತ ನಮೂನೆಯೊಂದು ಮುಂದಿರುತ್ತದೆ. ಯಾರಾದರೂ ಒತ್ತಾಯಿಸಿದ್ದಾರೆಯೇ ಎಂಬುದು ಅದರಲ್ಲಿನ ಒಂದು ಪ್ರಶ್ನೆ, ಕೆಳಗೆ ಸಹಿಯ ಜಾಗ. ಹೊರಗೆ ಅಪ್ಪ ಕಾಯುತ್ತಿರಬಹುದು, ಸಭಾಂಗಣಕ್ಕೆ ಮುಂಗಡ ಕೊಟ್ಟಾಗಿರಬಹುದು. ಆ ಸಮಯಕ್ಕೆ ಉತ್ತರ ಕೊಡಬೇಕಾದವಳು ಅವಳೊಬ್ಬಳೇ. ಮದುವೆಯ ದಿನ ಪ್ರತಿಜ್ಞೆಗೆ ಮುಂಚೆ ಇದೇ ಪ್ರಶ್ನೆಯನ್ನು ಎಲ್ಲರೆದುರು ಇನ್ನೊಮ್ಮೆ ಕೇಳಲಾಗುತ್ತದೆ.

ಒಂಟಿ ಬಾಳಿನ ದಾರಿ ಇನ್ನೂ ನಿಧಾನದ್ದು. ಕಾನ್ವೆಂಟ್ ಸೇರಿದ ದಿನವೇ ಹುಡುಗಿ ಸಿಸ್ಟರ್ ಆಗುವುದಿಲ್ಲ. ಮೊದಲು ಪರಿಚಯದ ಅವಧಿ, ನಂತರ ಕನಿಷ್ಠ 12 ತಿಂಗಳ ನವದೀಕ್ಷಿತರ ತರಬೇತಿ, ಆಮೇಲೆ ಮೂರರಿಂದ ಆರು ವರ್ಷದ ತಾತ್ಕಾಲಿಕ ವ್ರತ, ಕೊನೆಗೆ ಶಾಶ್ವತ ವ್ರತ. ಆಗ ವಯಸ್ಸು 21 ತುಂಬಿರಲೇಬೇಕು. ತಾತ್ಕಾಲಿಕ ವ್ರತದ ಅವಧಿ ಮುಗಿದಾಗ ಅವಳು ಬೇಡವೆನಿಸಿ ಹೊರಬಂದರೆ ಯಾವ ವ್ರತವೂ ಮುರಿದಂತಾಗುವುದಿಲ್ಲ, ಆ ಅವಧಿ ಇರುವುದೇ ಅದಕ್ಕಾಗಿ. ಊರಿನವರು ಆಡಿಕೊಳ್ಳುತ್ತಾರೆ ಎನ್ನುವುದು ಬೇರೆ ಮಾತು, ಅದಕ್ಕೆ ಧರ್ಮಸಂಹಿತೆಯಲ್ಲಿ ಔಷಧವಿಲ್ಲ.

ಯಾವ ಪಟ್ಟಿಗೂ ಸೇರದವರು

ಇಷ್ಟು ಹೇಳಿದ ಮೇಲೂ ಒಂದು ಗುಂಪು ಉಳಿಯುತ್ತದೆ: ಮದುವೆಯನ್ನೂ ಆಗದ, ವ್ರತವನ್ನೂ ತೊಡದ ಸಾಮಾನ್ಯ ವಿಶ್ವಾಸಿಗಳು. ಕೆಲವರು ಇದನ್ನು ಆರಿಸಿಕೊಂಡವರು. ಕೆಲವರಿಗೆ ತಂಗಿಯರ ಮದುವೆ, ತಾಯಿಯ ಕಾಯಿಲೆ, ಕೈಗೂಡದ ಸಂಬಂಧಗಳ ನಡುವೆ ವಯಸ್ಸು ಸರಿದುಹೋಗಿರುತ್ತದೆ. ಪೌಲನ ಅಧ್ಯಾಯ ಮುಖ್ಯವಾಗಿ ಆಯ್ಕೆ ಮಾಡುವವರ ಬಗ್ಗೆ ಮಾತಾಡುತ್ತದೆ. ಆಯ್ಕೆಯೇ ಸಿಗದವರ ಬಗ್ಗೆ ಅದರಲ್ಲಿರುವುದು ಕಡಿಮೆ, ಮುಂದಿನ ಬೋಧಕರೂ ಹೆಚ್ಚೇನೂ ಸೇರಿಸಲಿಲ್ಲ ಎಂದೇ ನನ್ನ ಅನಿಸಿಕೆ. ಸಂಯಮದ ಮಾತನ್ನು ಅವರಿಗೆ ಧಾರಾಳವಾಗಿ ಹೇಳಲಾಗುತ್ತದೆ, ಜೊತೆಗಾರಿಕೆಯ ಮಾತು ಅಷ್ಟಾಗಿ ಕೇಳಿಬರುವುದಿಲ್ಲ. ಇಗರ್ಜಿಯ ದಾಖಲೆ ಪುಸ್ತಕದಲ್ಲಿ ಹೆಸರುಗಳು ಕುಟುಂಬದ ಲೆಕ್ಕದಲ್ಲಿರುತ್ತವೆ. ಯುವಜನರ ಸಂಘಕ್ಕೆ ಇವರ ವಯಸ್ಸು ಮೀರಿದೆ, ದಂಪತಿಗಳ ಕೂಟಕ್ಕೆ ಇವರು ಒಬ್ಬರೇ.

1992ರಲ್ಲಿ ಹೊರಬಂದ ಕಥೋಲಿಕ ಧರ್ಮೋಪದೇಶ ಗ್ರಂಥವು ಇವರನ್ನು 1658ನೆಯ ಪರಿಚ್ಛೇದದಲ್ಲಿ ನೆನೆಯುತ್ತದೆ. ಬಯಸದೆಯೂ ಒಂಟಿಯಾಗಿ ಉಳಿದವರಲ್ಲಿ ಅನೇಕರಿಗೆ ಬಡತನವೇ ಕಾರಣವೆಂದು ಅದು ಒಪ್ಪಿಕೊಳ್ಳುತ್ತದೆ, ಅವರಿಗೆ ಮನೆಗಳ ಬಾಗಿಲು ತೆರೆದಿರಬೇಕು ಎನ್ನುತ್ತದೆ. ಕುಟುಂಬವನ್ನು ‘ಗೃಹಸಭೆ’ ಎಂದು ಕರೆಯುವ ಭಾಗದ ಕೊನೆಯಲ್ಲೇ ಈ ಮಾತು ಬರುತ್ತದೆ. ಹಾಗಾಗಿ ಬಾಗಿಲು ತೆರೆಯಬೇಕಾದವರು ಮದುವೆಯಾದವರು.